ಗಂಟೆ ಬಾರಿಸಿದ ಮೇಲಿನ ಮಾತು

ಏಳು ಹಳ್ಳ ದಾಟಿ, ಎಂಟನೆಯ ಹಳ್ಳದಲ್ಲಿ ಕಾಲು ತೊಳೆದು, ತಿರುಗಿ ನೋಡದೆ ನಡೆದರೆ ಒಂದು ಊರು ಸಿಗುತ್ತದಂತೆ. ನನ್ನಜ್ಜಿಯ ಕಥೆಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ನಾನು ಹೂಂಗುಟ್ಟಿದರೆ ಊರು ಹತ್ತಿರ ಬರುತ್ತಿತ್ತು, ನಿದ್ದೆ ಹೋದರೆ ಊರೂ ಹೋಗುತ್ತಿತ್ತು. ನಾನು ನಿಜವಾಗಿ ಅಂಥದೊಂದು ಊರಿಗೆ ಹೋದದ್ದು ಮಾತ್ರ ಬಸ್ಸಿನಲ್ಲಿ. ಬಗಲಲ್ಲೊಂದು ಚೀಲ, ಚೀಲದಲ್ಲಿ ವಿಶ್ವವಿದ್ಯಾಲಯದ ಪತ್ರ, ನಾಲ್ಕು ದಪ್ಪ ನೋಟುಪುಸ್ತಕ. ಕಿಟಕಿಗೆ ತಲೆಯಾನಿಸಿ ಏನೇನೋ ಯೋಚಿಸುತ್ತ ಹಳ್ಳ ಎಣಿಸುವುದನ್ನು ಮರೆತೆ. ಹಾಗಾಗಿ ಆ ಊರಿನ ದಾರಿ ಕೇಳಿದವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ಊರು ದೊಡ್ಡದಲ್ಲ. ಆದರೂ ಅದಕ್ಕೆ ತನ್ನದೇ ಆದ ಶಾಸನಸಭೆ ಇತ್ತು. ಇಪ್ಪತ್ತಮೂರು ಸದಸ್ಯರು, ಎದುರುಬದುರು ಬೆಂಚುಗಳು, ನಡುವೆ ಎಂಟು ಹೆಜ್ಜೆ ಅಗಲದ ಕಲ್ಲುಹಾಸು. ಈ ಕಡೆ ಬಾವಿ ಪಕ್ಷ, ಆ ಕಡೆ ಕೆರೆ ಪಕ್ಷ. ಊರಿಗೆ ಬಾವಿ ತೋಡಬೇಕೋ ಕೆರೆ ಕಟ್ಟಬೇಕೋ ಎಂದು ಯಾವ ಕಾಲದಲ್ಲೋ ಹುಟ್ಟಿದ ಜಗಳವದು. ಈಗ ಎಲ್ಲರ ಮನೆಯಲ್ಲೂ ನಲ್ಲಿಯಿದೆ, ಜಗಳವೂ ಇದೆ. ಚಿಕ್ಕ ಶಾಸನಸಭೆಗಳಲ್ಲಿ ಪಕ್ಷದ ಶಿಸ್ತು ಹೇಗೆ ನಡೆಯುತ್ತದೆ, ಯಾರು ಯಾವಾಗ ಪಕ್ಷ ಹೇಳಿದ ಹಾಗೆ ಕೈಯೆತ್ತುತ್ತಾರೆ, ಯಾವಾಗ ಎತ್ತುವುದಿಲ್ಲ ಎಂಬುದು ನನ್ನ ಸಂಶೋಧನೆ. ಆ ಊರಲ್ಲಿ ಹತ್ತಿರ ಹತ್ತಿರ ಆರು ತಿಂಗಳು ಕಳೆದೆ.

ಅಲ್ಲಿ ಹದಿನೆಂಟು ತುಂಬಿದವರೆಲ್ಲ ಮತ ಹಾಕಲೇಬೇಕು. ಮತಚೀಟಿಯಲ್ಲಿ ಎರಡೇ ಚೌಕ, ಒಂದರಲ್ಲಿ ಬಾವಿಯವರ ರಾಟೆ, ಇನ್ನೊಂದರಲ್ಲಿ ಕೆರೆಯವರ ಮೀನು. ರಾಟೆಗೆ ಮುದ್ರೆ ಒತ್ತಿದವರಿಗೆ ಅಂದಿನಿಂದ ಮೀನಿನವರ ಮಾತು ಕೇಳುವುದಿಲ್ಲ, ಮೀನಿಗೆ ಒತ್ತಿದವರಿಗೆ ರಾಟೆಯವರದ್ದು ಕೇಳುವುದಿಲ್ಲ. ಕೆಮ್ಮು ಕೇಳುತ್ತದೆ, ಅಳು ಕೇಳುತ್ತದೆ, ಪಾತ್ರೆ ಕುಕ್ಕಿದ್ದು ಕೇಳುತ್ತದೆ. ಮಾತು ಮಾತ್ರ ಇಲ್ಲ. ಬರೆದುಕೊಟ್ಟರೆ ಅಕ್ಷರಗಳು ಇರುವೆ ಹರಿದ ಹಾಗೆ ಕಾಣುತ್ತವಂತೆ. ಆಮೇಲೆ ಮನಸ್ಸು ಬದಲಿಸಿ ಇನ್ನೊಂದು ಚೌಕಕ್ಕೆ ಒತ್ತಿದವರಿಗೆ ಎರಡೂ ಕಡೆಯ ಮಾತು ಹೋಗುತ್ತದೆ. ಅಂಥ ಒಬ್ಬ ಬಸ್ ನಿಲ್ದಾಣದ ಪಕ್ಕ ಬೀಗ ರಿಪೇರಿ ಮಾಡಿಕೊಂಡಿದ್ದ. ಊರಿಗೆಲ್ಲ ಅವನೇ ನೆಮ್ಮದಿಯಾಗಿದ್ದಾನೆ ಎಂದು ಜನ ಹೊಟ್ಟೆಕಿಚ್ಚು ಪಡುತ್ತಿದ್ದರು.

ನಾನು ಬಾಡಿಗೆಗಿದ್ದ ಮಹಡಿಯ ಕೆಳಗೆ ಮರುಳಯ್ಯ, ಜಯಶೀಲ ಎಂಬ ಗಂಡಹೆಂಡತಿ ಇದ್ದರು. ಆತ ರಾಟೆ, ಆಕೆ ಮೀನು. ಅವರ ಏಳು ವರ್ಷದ ಮಗಳು ಪದ್ಮಿ ಬೆಳಗಾದರೆ ಅಡಿಗೆಮನೆಗೂ ಜಗಲಿಗೂ ಓಡಾಡುತ್ತಿದ್ದಳು. "ಉಪ್ಪಿಟ್ಟಿಗೆ ಉಪ್ಪು ಸಾಲಲ್ಲ ಅನ್ನೋರು ನಾಳೆಯಿಂದ ತಾವೇ ಮಾಡ್ಕೊಳ್ಳಿ!" ಎಂದು ಸೊಂಟದ ಮೇಲೆ ಕೈಯಿಟ್ಟು ಅಪ್ಪನ ಮೇಲೆ ಎಗರುತ್ತಿದ್ದಳು. ಮರುಕ್ಷಣ ಒಳಗೆ ಹೋಗಿ ಗಂಟಲು ದಪ್ಪ ಮಾಡಿ, "ನಿಮ್ಮಪ್ಪನ ಮನೇಲಿ ಇದನ್ನೇ ಕಲಿಸಿದ್ದೇನೇ?" ಎಂದು ಅಮ್ಮನ ಮೇಲೆ. ಮೊದಮೊದಲು ಎಂಥ ಒರಟು ಮಗು ಎಂದುಕೊಂಡಿದ್ದೆ. ಅವಳು ಶಾಲೆಗೆ ಹೋದಳೆಂದರೆ ಮನೆ ಗಪ್‌ಚಿಪ್. ಇನ್ನು ಹನ್ನೊಂದು ವರ್ಷಕ್ಕೆ ಅವಳೂ ಒಂದು ಚೌಕಕ್ಕೆ ಒತ್ತುತ್ತಾಳೆ, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಮಾತನ್ನು ಕಳೆದುಕೊಳ್ಳುತ್ತಾಳೆ. ಆ ಮನೆಯಲ್ಲಿ ಯಾರೂ ಅವಳ ಹುಟ್ಟುಹಬ್ಬ ಮಾಡುತ್ತಿರಲಿಲ್ಲ.

ಹೊರಗಿನವಳಾದ ನನಗೆ ಎರಡೂ ಕಡೆಯವರ ಮಾತು ಕೇಳುತ್ತಿತ್ತು. ಅದೇ ತೊಡಕು. ಚಹಾದಂಗಡಿಗೆ ಕಾಲಿಟ್ಟರೆ ಮಾತು ಆರಿಹೋಗುತ್ತಿತ್ತು. ಎಲ್ಲರದ್ದೂ ಕೇಳಿಸಿಕೊಳ್ಳುವವಳ ಮುಂದೆ ಯಾರು ಬಾಯಿ ಬಿಟ್ಟಾರು? "ಏನಮ್ಮಾ, ಚಾ ತಾನೇ?" ಎಂಬುದಕ್ಕಿಂತ ಉದ್ದದ ಮಾತನ್ನು ಆ ಅಂಗಡಿಯಲ್ಲಿ ನನ್ನೊಡನೆ ಯಾರೂ ಆಡಲಿಲ್ಲ. ವಾರಕ್ಕೊಮ್ಮೆ ಪ್ರೊಫೆಸರರ ಪತ್ರ ಬರುತ್ತಿತ್ತು, ಕೋಷ್ಟಕ ಎಲ್ಲಿಗೆ ಬಂತು ಎಂದು. ಅದನ್ನೇ ಎರಡೆರಡು ಸಲ ಓದುತ್ತಿದ್ದೆ, ಬೇರೆ ಯಾರ ಮಾತೂ ಇರಲಿಲ್ಲವಲ್ಲ.

ಊರವರಲ್ಲಿ ಎರಡೂ ಕಡೆ ಕೇಳಬಲ್ಲ ದೊಡ್ಡವರು ಒಬ್ಬರೇ ಇದ್ದರು, ಚೆನ್ನಾಜಮ್ಮ. ಒಂದು ತಲೆಮಾರಿಗೆ ಒಬ್ಬರು ಮತ ಹಾಕದೆ ಉಳಿಯಬಹುದು, ಅವರು ಸಭೆಯಲ್ಲಿ ಮಾತು ದಾಟಿಸಬೇಕು. ಚೆನ್ನಾಜಮ್ಮ ನಲವತ್ತು ವರ್ಷದಿಂದ ಆ ಕಲ್ಲುಹಾಸಿನ ನಡುವೆ ನಿಂತು ಈ ಕಡೆಯ ಮಾತನ್ನು ಆ ಕಡೆಗೆ, ಆ ಕಡೆಯದನ್ನು ಈ ಕಡೆಗೆ ಒಪ್ಪಿಸುತ್ತಿದ್ದರು. ಬಾವಿಯವರೊಬ್ಬರು ಎದ್ದು, "ಬೀದಿದೀಪದ ವಿಚಾರದಲ್ಲಿ ಮಾನ್ಯ ಸದಸ್ಯರು ನಿದ್ದೆ ಹೊಡೀತಿದ್ದಾರೆ!" ಎಂದರೆ ಚೆನ್ನಾಜಮ್ಮ ಸೆರಗು ಸಿಕ್ಕಿಸಿ, ಆತನ ಹಾಗೆಯೇ ಮೂಗು ಅರಳಿಸಿ, ಕೆರೆಯವರ ಮುಂದೆ ಅದನ್ನು ಗುಡುಗುತ್ತಿದ್ದರು. "ದೀಪ ಇಲ್ದೆ ಇದ್ರೆ ನಿದ್ದೆ ಚೆನ್ನಾಗೇ ಬರುತ್ತೆ ಸ್ವಾಮಿ, ಎಲ್ಲಾ ತಮ್ಮ ಕೃಪೆ" ಎಂಬ ಉತ್ತರವನ್ನು ಅಷ್ಟೇ ನಯವಾಗಿ, ಕೈಮುಗಿದು, ಇತ್ತ ತರುತ್ತಿದ್ದರು. ಸಭಾಪತಿಗಳು ಮತಕ್ಕೆಂದು ಗಂಟೆ ಬಾರಿಸಿದರೆ ಚೆನ್ನಾಜಮ್ಮ ಬಾಯಿ ಮುಚ್ಚಬೇಕು. ಆಮೇಲೆ ಕೈಗಳದ್ದೇ ಕೆಲಸ. ಸಭೆ ಮುಗಿದು ಚೆನ್ನಾಜಮ್ಮ ಬೀದಿಗೆ ಬಂದರೆ ಎರಡೂ ಕಡೆಯವರು ದಾರಿ ಬಿಡುತ್ತಿದ್ದರು, ಗೌರವದಿಂದ ಮತ್ತು ಬೇಗ ಹೋಗಲಿ ಎಂದು.

ಸಭೆಯ ನಡಾವಳಿಯನ್ನು ಇಬ್ಬರು ಗುಮಾಸ್ತರು ಬರೆಯುತ್ತಾರೆ, ಪಕ್ಷಕ್ಕೊಬ್ಬರು. ಬಾವಿಯ ಗುಮಾಸ್ತ ತನ್ನವರ ಮಾತನ್ನು ನೇರವಾಗಿ ಕೇಳಿ ಬರೆಯುತ್ತಾನೆ, ಕೆರೆಯವರ ಮಾತನ್ನು ಚೆನ್ನಾಜಮ್ಮನ ಬಾಯಿಂದ ಕೇಳಿ ಬರೆಯುತ್ತಾನೆ. ಕೆರೆಯ ಗುಮಾಸ್ತನದ್ದು ಇದರ ತಿರುವುಮುರುವು. ಎರಡು ಪುಸ್ತಕಗಳನ್ನೂ ಒಟ್ಟಿಗಿಟ್ಟು ಓದಿದವರು ಆ ಊರಲ್ಲಿ ಯಾರೂ ಇರಲಿಲ್ಲ, ಓದಬಲ್ಲವರೂ ಇರಲಿಲ್ಲ, ಚೆನ್ನಾಜಮ್ಮನಿಗೆ ಅಕ್ಷರ ಬಾರದು. ನಾನು ದಫ್ತರಖಾನೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಪುಸ್ತಕ ತೆರೆದು ಸಾಲಿಗೆ ಸಾಲು ಹೋಲಿಸುತ್ತ ಕೂತೆ. ಹಿಂದಕ್ಕೆ ಹೋಗುತ್ತ ಒಂದು ವರ್ಷದ ನಡಾವಳಿ ಮುಗಿಯಿತು, ಐದು ವರ್ಷದ್ದು, ಇಪ್ಪತ್ತು ವರ್ಷದ್ದು. ಒಂದು ಬೈಗುಳ ಕೂಡ ಈ ಕಡೆಯಿಂದ ಆ ಕಡೆಗೆ ಹೋಗದೆ ಉಳಿದಿರಲಿಲ್ಲ. ಚೆನ್ನಾಜಮ್ಮ ನನಗೆ ಕಥೆಯಲ್ಲಿ ಬರುವ, ಜರಡಿಯಲ್ಲಿ ಒಂದು ಹನಿಯೂ ಚೆಲ್ಲದೆ ನೀರು ತಂದವಳ ಹಾಗೆ ಕಾಣತೊಡಗಿದರು.

ಅಷ್ಟರಲ್ಲಿ ಸಿಕ್ಕಿತು. ಮೂವತ್ತೊಂದು ವರ್ಷದ ಹಿಂದಿನ ಖಾಲಿ ಚೌಕದ ಮಸೂದೆ. ಮತಚೀಟಿಯಲ್ಲಿ ಮೂರನೆಯ ಚೌಕವೊಂದು ಖಾಲಿ ಇರಲಿ, ಯಾವ ಪಕ್ಷವೂ ಬೇಡವೆನ್ನುವವರು ಅದಕ್ಕೆ ಒತ್ತಿ ಎಲ್ಲರ ಮಾತನ್ನೂ ಕೇಳಿಕೊಂಡಿರಲಿ ಎಂದು ಕೆರೆ ಪಕ್ಷದ ಕಾತ್ಯಾಯಿನಿ ತಂದ ಮಸೂದೆ. ಬಾವಿಯವರು ಹನ್ನೆರಡು, ಕೆರೆಯವರು ಹನ್ನೊಂದು. ಬಾವಿ ಪಕ್ಷ ತನ್ನವರಿಗೆಲ್ಲ ವಿಪ್ ಕೊಟ್ಟಿತ್ತು, ಎಲ್ಲರ ಕೈಯೂ ಮಸೂದೆಯ ವಿರುದ್ಧವೇ ಏಳಬೇಕೆಂದು. ಮಸೂದೆ ಒಂದೇ ಮತದಿಂದ ಬಿತ್ತು. ಎಡಗಡೆಯ ಪುಸ್ತಕದಲ್ಲಿ, ಗಂಟೆ ಬಾರಿಸಲಾಯಿತು ಎಂಬ ಸಾಲಿನ ಕೆಳಗೆ, ಬಾವಿಯ ಗುಮಾಸ್ತ ಸಣ್ಣ ಅಕ್ಷರದಲ್ಲಿ ಬರೆದಿದ್ದ: ಉಗ್ರಪ್ಪ: ಅಕ್ಕಾ, ನೀನು ಹೇಳೋದೇ ಸರಿ. ಈಗ ನನ್ನ ಕೈ ನಿನ್ನೆದುರಿಗೆ ಏಳುತ್ತದೆ. ಕೈ ನೋಡಬೇಡ, ನನ್ನ ನೋಡು. ಬಲಗಡೆಯ, ಕೆರೆಯವರ ಪುಸ್ತಕದಲ್ಲಿ ಅಲ್ಲಿ ಏನೂ ಇರಲಿಲ್ಲ. ಗಂಟೆ, ಅದರ ಕೆಳಗೆ ಎಣಿಕೆ. ಅದರ ಕೆಳಗೆ ಒಂದು ಸಾಲು: ಕಾತ್ಯಾಯಿನಿಯವರು ಸಭೆಯಿಂದ ಹೊರನಡೆದರು. ಮುಂದಿನ ಮೂವತ್ತೊಂದು ವರ್ಷದ ಪುಸ್ತಕಗಳಲ್ಲಿ ಅವರ ಹೆಸರಿಲ್ಲ.

ಪ್ರಬಂಧಕ್ಕೆ ಇದಕ್ಕಿಂತ ದೊಡ್ಡದು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಆ 'ಅಕ್ಕಾ' ಎಂಬುದನ್ನು ನೋಡುತ್ತ ಕೂತವಳು ಬರೆದುಕೊಳ್ಳುವುದನ್ನೇ ಮರೆತೆ. ಎದ್ದು ಸಭಾಂಗಣದ ಹಿಂದಿನ ಕೋಣೆಗೆ ಹೋದೆ. ಚೆನ್ನಾಜಮ್ಮ ನೆಲದ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. ನಾನು ಆ ಸಾಲನ್ನು ಹೇಳಿದೆ. ಅವರ ಕೈ ನಿಂತಿತು.

"ಸಿಕ್ತಾ?" ಎಂದರು. "ಯಾರಾದ್ರೂ ಬತ್ತಾರೆ, ನೋಡ್ತಾರೆ, ಕೇಳ್ತಾರೆ ಅಂತ ಮೂವತ್ತು ವರ್ಸ ಕಾದೆ ಕಣವ್ವಾ. ಕೂತ್ಕೋ."

"ಯಾಕೆ ದಾಟಿಸಲಿಲ್ಲ ಚೆನ್ನಾಜಮ್ಮ?"

"ಗಂಟೆ ಆಗಿತ್ತಲ್ಲ. ಗಂಟೆ ಆದ್ಮೇಲೆ ತುಟಿ ಬಿಚ್ಚಂಗಿಲ್ಲ ನಾನು. ಆವಾಗ ಕೆಲಸಕ್ಕೆ ಸೇರಿ ಒಂಬತ್ತು ವರ್ಸ, ಒಂದು ತೆಪ್ಪು ಮಾಡಿರ್ಲಿಲ್ಲ, ಅದರ ಜಂಬ ಬೇರೆ. ಅವಯ್ಯ ಹೇಳಿ ನನ್ನ ಕಡೆ ನೋಡ್ದ. ನಾನು ಗೋಡೆ ನೋಡ್ದೆ. ಆಯಮ್ಮ ತಮ್ಮನ ಕೈ ಏಳೋದು ನೋಡಿದ್ಲು, ಎದ್ದು ಹೊಂಟೇಹೋದ್ಲು."

ಕಾತ್ಯಾಯಿನಿ ಮತ್ತು ಉಗ್ರಪ್ಪ ಒಡಹುಟ್ಟಿದವರು, ಒಂದೇ ಬೀದಿಯ ಎದುರುಬದುರು ಮನೆಯವರು. ಬೆಳಿಗ್ಗೆ ಆತ ಈ ಜಗಲಿಯಲ್ಲಿ, ಆಕೆ ಆ ಜಗಲಿಯಲ್ಲಿ. ಆತ ಕೆಮ್ಮಿದರೆ ಆಕೆಗೆ ಕೇಳಬೇಕು, ಅಷ್ಟೇ. ತಾನು ಹೇಳಿದ್ದು ಮುಟ್ಟಿದೆ, ಅಕ್ಕನೇ ಉತ್ತರ ಕೊಡಲಿಲ್ಲ ಎಂದು ಆತ ತಿಳಿದಿದ್ದ. ಮಾತಿಲ್ಲದೆ ಕೈಯೆತ್ತಿ ಮಸೂದೆಯನ್ನು ಕೊಂದ ಎಂದು ಆಕೆ ತಿಳಿದಿದ್ದಳು. ಹೋದ ವರ್ಷ ಉಗ್ರಪ್ಪ ತೀರಿಕೊಂಡಾಗ ಆಕೆಗೆ ಗೊತ್ತಾದದ್ದು ಎದುರು ಮನೆಯಿಂದ ಅಳು ಕೇಳಿಸಿ.

"ಮುಟ್ಟಿಸ್ದ್ಯಾ ಅಂತ ಒಂದು ದಿನ ನನ್ನ ಕೇಳ್ಲಿಲ್ಲ ಕಣವ್ವಾ ಅವಯ್ಯ" ಎಂದರು ಚೆನ್ನಾಜಮ್ಮ. "ಕೇಳಿದ್ದಿದ್ರೆ ಒಪ್ಕೊಂಬುಡ್ತಿದ್ದೆ. ಚೆನ್ನಾಜಿ ಮುಟ್ಟಿಸದೆ ಇರ್ತಾಳಾ ಅಂತ ನಂಬಿದ್ದ ನೋಡು, ಅದೇ ಈಗ ಗಂಟಲಲ್ಲಿ ಕೂತೈತೆ."

"ಈಗಲಾದರೂ ನೀವೇ ಹೋಗಿ ಹೇಳಬಹುದಲ್ಲ?"

"ಮೂರು ಸಲ ಹೋಗಿದ್ದೆ ಆ ಬಾಗಿಲಿಗೆ. ಬಾಯಿ ಬರಲ್ಲ. ಮಾತು ದಾಟಿಸ್ಬೇಕು ಅಂದ್ರೆ ನಾನು ಉಗ್ರಪ್ಪ ಆಗ್ಬೇಕು. ಆದ್ರೆ ಅವನ ಮಾತ ತಡೆದೋಳೂ ನಾನೇಯ. ಎರಡೂ ನಾನೇ ಹೆಂಗಾಗ್ಲಿ?" ಮುರಿದ ಕಾಯನ್ನು ಮತ್ತೆ ಮುರಿದರು. "ಆಯಮ್ಮಂಗೆ ಎಂಬತ್ತು ಹತ್ರ. ದಿನಕ್ಕೊಂದು ಹೊತ್ತು ಎಚ್ಚರ ಇರ್ತದಂತೆ. ನೀನು ಮುಟ್ಟಿಸ್ತೀಯಾ? ನಿನ್ ಪುಸ್ತಕದಾಗೆ ಬರಕೋ, ಬಿಡು, ಅದು ನಿಂಗೆ ಬಿಟ್ಟಿದ್ದು. ಮೊದಲು ಮುಟ್ಟಿಸು."

ಮುಟ್ಟಿಸುತ್ತೇನೆ ಎಂದೆ. ಮಾತು ಕೊಟ್ಟು ಹೊರಬಂದಾಗ ಲೆಕ್ಕ ಹಾಕಿದೆ. ಊರಲ್ಲಿ ಆರು ತಿಂಗಳು ಉಳಿದವರ ಹೆಸರು ತಾನಾಗಿ ಮತದಾರರ ಪಟ್ಟಿಗೆ ಸೇರುತ್ತದೆ. ನನಗೆ ಉಳಿದದ್ದು ಹನ್ನೊಂದು ದಿನ. ಪಟ್ಟಿ ಅಂಟಿಸುವ ದಿನ ನಾನು ಊರಲ್ಲಿದ್ದರೆ ನಾನೂ ಒಂದು ಚೌಕಕ್ಕೆ ಒತ್ತಲೇಬೇಕು.

ಹಾಗಿದ್ದರೂ ನಾಲ್ಕು ದಿನ ಕಾತ್ಯಾಯಿನಿಯವರ ಬೀದಿಯ ತುದಿಯವರೆಗೆ ಹೋಗಿ ತಿರುಗಿದೆ. ಅಜ್ಜಿಯ ಕಥೆಗಳಲ್ಲಿ ಸಂದೇಶ ಒಯ್ಯುವುದು ಗಿಳಿ, ಪಾರಿವಾಳ. ಅವಕ್ಕೆ ನಾಚಿಕೆ ಇರುವುದಿಲ್ಲ. ಐದನೆಯ ದಿನ ಹೋಗಿ ಅವರ ಜಗಲಿ ಹತ್ತಿದೆ. ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಅವರು ನನ್ನ ನೋಟುಪುಸ್ತಕ ನೋಡಿದ್ದೇ, "ಓದೋ ಹುಡುಗಿ ನೀನೇನಾ? ಕೂತ್ಕೊಳಮ್ಮ" ಎಂದು ಸಭೆಯ ನಿಯಮಗಳನ್ನು ಹೇಳತೊಡಗಿದರು. ಕೋರಂ ಎಷ್ಟು, ತಿದ್ದುಪಡಿ ಯಾವಾಗ ತರಬೇಕು, ಸಭಾತ್ಯಾಗಕ್ಕೂ ರಾಜೀನಾಮೆಗೂ ಏನು ವ್ಯತ್ಯಾಸ. ಮೂವತ್ತೊಂದು ವರ್ಷ ಯಾರೂ ಕೇಳದ್ದನ್ನು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಿ ಸುಸ್ತಾದರು.

ದಫ್ತರಖಾನೆಗೆ ಮತ್ತೆ ಹೋಗಿ ನಕಲು ಮಾಡಿಕೊಂಡಿದ್ದ ನೋಟುಪುಸ್ತಕವನ್ನು ತೆರೆದೆ. ಕಲಿತ ಪಾಠದಂತೆ ಒಪ್ಪವಾಗಿ, ತಾರೀಕು, ಪುಟ ಸಂಖ್ಯೆ, ಬಾವಿ ಪಕ್ಷದ ದಾಖಲೆ ಎಲ್ಲವನ್ನೂ ಸೇರಿಸಿ ಆ ಸಾಲನ್ನು ಓದಿದೆ. ತಲೆಯೆತ್ತಿದರೆ ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು.

"ತಾರೀಕು ಹೇಳ್ದೆ, ಪುಟ ಹೇಳ್ದೆ. ಆಮೇಲೆ ಬಾಯಿ ಆಡ್ತು, ಸದ್ದೇ ಬರ್ಲಿಲ್ಲ. ಏನಮ್ಮಾ ಅದು?"

ಇನ್ನೊಮ್ಮೆ ಓದಿದೆ, ಜೋರಾಗಿ. ಎದುರು ಮನೆಯ ಗೋಡೆಯ ಮೇಲಿದ್ದ ಕಾಗೆ ಹಾರಿಹೋಯಿತು. ಕಾತ್ಯಾಯಿನಿಯವರು ತಲೆಯಾಡಿಸಿದರು. "ರಾಟೆಯವರದ್ದು ಏನೋ ಓದ್ತಿದೀಯ ಅಂತ ಕಾಣುತ್ತೆ. ನನಗೆ ಕೇಳಲ್ಲ ಬಿಡು" ಎಂದು ಕಣ್ಣು ಮುಚ್ಚಿಕೊಂಡರು. ಎಷ್ಟೋ ವರ್ಷದಿಂದ ಹೀಗೇ ಕಣ್ಣು ಮುಚ್ಚಿ ಅಭ್ಯಾಸವಾದವರ ಹಾಗೆ.

ಚೆನ್ನಾಜಮ್ಮನಿಗೆ ಹೇಳಿದರೆ ಅವರು ನಕ್ಕರು. ನಾನು ಆ ಊರಿಗೆ ಬಂದ ಮೇಲೆ ಅವರು ನಕ್ಕದ್ದನ್ನು ನೋಡಿದ್ದು ಅದೊಂದೇ ಸಲ.

"ಪುಟದ ನಂಬರು ಹೇಳಿದ್ಯಾ? ಅಯ್ಯೋ ನಿನ್ನ! ಮಾತು ಅಂದ್ರೆ ಚೊಂಬು ಅಂದ್ಕೊಂಡ್ಯಾ, ದೂರ ನಿಂತು ಕೈ ಚಾಚಿ ಕೊಡಾಕೆ? ಕೂಸಿದ್ದಂಗೆ ಅದು. ಎದೆಗೆ ಅವಚ್ಕೊಂಡು ಹೊಳೆಗೆ ಇಳೀಬೇಕು, ನಿನ್ ಸೀರೆನೂ ನೆನೀಬೇಕು. ಪದ್ಮಿ ನೋಡಿಲ್ವಾ, ಅವರವ್ವನ ಸಿಟ್ಟೆಲ್ಲ ಅವಳದೇ ಆಗಿರ್ತದೆ. ಅದಕ್ಕೇ ದಾಟ್ತದೆ."

"ನಾನು ಉಗ್ರಪ್ಪನವರನ್ನ ನೋಡೇ ಇಲ್ಲವಲ್ಲ."

"ನೋಡಾದೇನೂ ಬ್ಯಾಡ. ಹೇಳಬೇಕಾಗಿತ್ತು, ಹೇಳ್ಲಿಲ್ಲ, ಹೊತ್ತು ಮೀರ್ತು ಅನ್ನಂಗೆ ನಿನ್ ಹತ್ರ ಏನಾದ್ರೂ ಐತಾ?"

ಹಾಸ್ಟೆಲಿಗೆ ಸೇರಿದ ಮೇಲೆ ಅಜ್ಜಿ ಫೋನಿನಲ್ಲೂ ಕಥೆ ಶುರು ಮಾಡುತ್ತಿದ್ದಳು. ಪಕ್ಕದಲ್ಲಿ ಗೆಳತಿಯರು ನಗುತ್ತಾರೆಂದು ನಾನು ಹೂಂಗುಟ್ಟುವುದನ್ನು ಬಿಟ್ಟೆ. "ಆಮೇಲೆ ಹೇಳಜ್ಜಿ, ಪರೀಕ್ಷೆ ಇದೆ" ಎಂದು ಇಟ್ಟ ಫೋನು ಕೊನೆಯದಾಯಿತು. ಇದನ್ನು ಯಾರಿಗೂ ಹೇಳಿರಲಿಲ್ಲ. ಚೆನ್ನಾಜಮ್ಮನಿಗೆ ಹೇಳಿದೆ. ಅವರು ಸಮಾಧಾನ ಮಾಡಲಿಲ್ಲ. ಕೆಲಸಕ್ಕೆ ಆಳು ಸಿಕ್ಕಂತೆ ತಲೆಯಾಡಿಸಿದರು.

"ಹಂಗಾದ್ರೆ ಆಯ್ತದೆ ಬಿಡು. ಪುಸ್ತಕ ಮನೇಲಿಟ್ಟು ಹೋಗು. ಅವಯ್ಯ ನಿಲ್ತಿದ್ದ ಕಡೆ ನಿಂತ್ಕೋ."

ಆದರೆ ಆಮೇಲಿನ ಐದು ದಿನ ಕಾತ್ಯಾಯಿನಿಯವರು ಹೊರಗೆ ಬರಲಿಲ್ಲ. ಹೋಗಿ ನೋಡುತ್ತಿದ್ದೆ; ಬೆತ್ತದ ಕುರ್ಚಿ ಖಾಲಿ, ಬಾಗಿಲು ಅರ್ಧ ತೆರೆದಿರುತ್ತಿತ್ತು, ಒಳಗಿನಿಂದ ಕೆಮ್ಮು. ನನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ಪದ್ಮಿ ಬಂದು ಅಪ್ಪನ ದನಿಯಲ್ಲಿ ಒಂದು ಸಲ, ಅಮ್ಮನ ದನಿಯಲ್ಲಿ ಒಂದು ಸಲ, ಹೋಗಿ ಬನ್ನಿ ಎಂದಳು. ತನ್ನ ದನಿಯಲ್ಲಿ ಏನು ಹೇಳಬೇಕೆಂದು ತೋಚದೆ ನನ್ನ ಚೀಲದ ದಾರ ಎಳೆದಳು.

ಹನ್ನೊಂದನೆಯ ದಿನ ಮಧ್ಯಾಹ್ನ, ಬಸ್ಸಿಗೆ ಇನ್ನು ಒಂದು ಗಂಟೆ ಇರುವಾಗ, ಆ ಬೀದಿಗೆ ಕೊನೆಯ ಸಲ ಹೋದೆ. ಕಾತ್ಯಾಯಿನಿಯವರು ಕುರ್ಚಿಯಲ್ಲಿದ್ದರು. ಶಾಲು ಹೊದ್ದಿದ್ದರು, ಮುಖ ಸಣ್ಣದಾಗಿತ್ತು. ನಾನು ಅವರ ಕಡೆ ಹೋಗಲಿಲ್ಲ. ಎದುರಿನ, ಬೀಗ ಹಾಕಿದ ಮನೆಯ ಜಗಲಿ ಹತ್ತಿ ಅವರ ಕಡೆ ತಿರುಗಿ ನಿಂತೆ. ಜಗಲಿಯ ಮೇಲೆ ವರ್ಷದ ಧೂಳು. ಒಬ್ಬರು ಬೆನ್ನು ಒರಗಿಸುತ್ತಿದ್ದ ಕಡೆ ಮಾತ್ರ ಗೋಡೆಯ ಸುಣ್ಣ ಎಣ್ಣೆ ಹಿಡಿದು ಕಂದಾಗಿತ್ತು.

"ಏಯ್ ಹುಡುಗಿ, ಅಲ್ಲೇನು ಮಾಡ್ತೀಯ? ಆ ಮನೇಲಿ ಯಾರೂ ಇಲ್ಲ" ಎಂದರು.

"ಅಕ್ಕಾ" ಎಂದೆ.

ಅವರು ಕಿವಿಗೆ ಕೈ ಹಚ್ಚಿದರು. "ಏನಂದೆ? ಏನೋ ಅಂದ ಹಾಗಾಯ್ತು."

"ಅಕ್ಕಾ..." ಎಂದೆ ಮತ್ತೆ. ಯಾರನ್ನೂ ಹಾಗೆ ಕರೆದು ಅಭ್ಯಾಸವಿರಲಿಲ್ಲ ನನಗೆ; ಒಬ್ಬಳೇ ಮಗಳು ನಾನು.

ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಶಾಲು ಜಾರಿತು, ಎಳೆದುಕೊಳ್ಳಲಿಲ್ಲ. "ಯಾರು ಕಲಿಸಿದ್ರು ನಿನಗೆ? ಅವನು ಹಾಗೆ ಎಳೀತಿರ್ಲಿಲ್ಲ. ಅಕ, ಅಂತಿದ್ದ. ಅಷ್ಟೇ. ಏನೋ ಕಿತ್ಕೊಂಡು ಓಡೋನ ಹಾಗೆ." ಆಮೇಲೆ ಕೇಳಿದರು, "ಯಾವತ್ತಿನದು ಇದು?"

"ಮಸೂದೆ ದಿನದ್ದು. ಗಂಟೆ ಬಾರಿಸಿದ ಮೇಲಿನದು."

"ತಡ" ಎಂದರು ಕಾತ್ಯಾಯಿನಿ. "ಎಲ್ಲದಕ್ಕೂ ತಡ ಅವನು. ಹುಟ್ಟಿದ್ದೂ ಹತ್ತು ತಿಂಗಳಿಗೆ. ಸ್ಕೂಲಿಗೆ ದಿನಾ ನನ್ನನ್ನೂ ಲೇಟ್ ಮಾಡಿಸ್ತಿದ್ದ ಮುಂಡೇದು." ಕುರ್ಚಿಯ ಕೈ ಹಿಡಿದು ಎದ್ದು ನಿಂತರು, ಸಭೆಯಲ್ಲಿ ಮಾತಿಗೆ ಏಳುವವರ ಹಾಗೆ. "ಹೂಂ. ಹೇಳಿಸು ಅವನ ಹತ್ರ."

ನಾನು ಆ ಕಂದುಗಟ್ಟಿದ ಗೋಡೆಗೆ ಬೆನ್ನು ತಾಗಿಸಿದೆ. ನನ್ನೊಳಗೆ ತಡವಾಗಿ ಉಳಿದದ್ದೆಲ್ಲ ಒಟ್ಟಿಗೆ ನಾಲಿಗೆಗೆ ಬಂತು. ಅದರಲ್ಲಿ ಯಾವುದು ನನ್ನದು ಯಾವುದು ಆತನದು ಎಂದು ಬೇರ್ಪಡಿಸಲು ಹೋಗಲಿಲ್ಲ.

"ಅಕ."

"ಏನೋ" ಎಂದರು ಅವರು. ಕೂಡಲೇ, ಯೋಚಿಸದೆ, ಒಳಮನೆಯಿಂದ ಓಗೊಟ್ಟ ಹಾಗೆ.

"ನೀನು ಹೇಳೋದೇ ಸರಿ ಅಕ. ಈಗ ನನ್ನ ಕೈ ನಿನ್ನೆದುರಿಗೆ ಏಳುತ್ತೆ. ಕೈ ನೋಡಬೇಡ. ನನ್ನ ನೋಡು."

ಹೇಳಿ ಮುಗಿಯುವಷ್ಟರಲ್ಲಿ ನನ್ನ ಬಲಗೈ ತಾನಾಗಿ ಮೇಲೆದ್ದಿತ್ತು. ಬೀದಿಯಲ್ಲಿ ಸೈಕಲ್ಲಿನವನೊಬ್ಬ ಅದನ್ನು ನೋಡಿ, ತನ್ನನ್ನೇ ನಿಲ್ಲಿಸುತ್ತಿದ್ದೇನೆಂದುಕೊಂಡು ಬ್ರೇಕ್ ಹಾಕಿದ. ಕಾತ್ಯಾಯಿನಿಯವರು ಕೈಯನ್ನು ನೋಡಲಿಲ್ಲ.